ಮುಖ ನಮ್ಮ ಹುಡುಗಿದು, ದನಿ ಯಾರ್ದೋ: ಒಂದು ಸೀರಿಯಲ್‌ ಪ್ರಕರಣ

ದವಾಳಿ ಇನ್ನ ವಾರ ಇತ್ತು. ಚಿತ್ತಾಪುರ ತಾಲೂಕಿನ ಒಂದ್ ತಾಂಡಾದಾಗ, ಇನ್ವರ್ಟರ್ ಇದ್ದ ಮನಿ ಹುಡುಕಿ, ಕರೆಂಟ್ ಹೋದ್ರ ಭಿ ಟಿವಿ ಬಂದ್ ಆಗಬಾರ್ದು ಅಂತ ಅಲ್ಲೇ ಎಲ್ಲಾರೂ ಕೂಡಿದ್ರು. ಹದಿನೈದ್ ಇಪ್ಪತ್ ಮಂದಿ ಇದ್ರು, ಪಡಸಾಲಿ ಸಾಲದೆ ಹುಡುಗುರು ಕಿಡಕ್ಯಾಗ ನಿಂತಿದ್ವು. ನನಗ ಕುರ್ಚಿ ಹಾಕಿದ್ರು, ನಾ ಕೆಳಗ ಕೂತೆ. ಹುಡುಗಿ ತಾಯಿ ಎಲ್ಲಾರಕಿಂತ ಮುಂದ, ಟಿವಿಗ ಒಂದ್ ಮೊಳ ದೂರ. ಆ ದಿನ ರಾತ್ರಿ ಎಂಟ್ ಗಂಟೇದ್ ಸೀರಿಯಲ್‌ದಾಗ ಅಕಿ ಮಗಳು ಬರೋದಿತ್ತು.

ಮಗಳು ಬಂದ್ಲು. ಕೈಯಾಗ ಚಹಾ ಟ್ರೇ. ಬಾಯಿ ತೆರದ್ಲು. ದನಿ ಬ್ಯಾರೇದ್ ಬಂತು.

ತಾಯಿ ಮೊದಲ್ ಟಿವಿ ನೋಡಿದ್ಲು, ಆಮ್ಯಾಲ ಹಿಂದ ತಿರುಗಿ ಗ್ವಾಡಿಗ ಒರಗಿ ಕೂತಿದ್ದ ಮಗಳ ಮುಖ ನೋಡಿದ್ಲು, ಮತ್ತ ಟಿವಿ ನೋಡಿದ್ಲು. ತಮ್ಮ ಭಾಷಾದಾಗ ಏನೋ ಕೇಳಿದ್ಲು, ನನಗ ತಿಳೀಲಿಲ್ಲ. ಬಾಜೂಕ ಕೂತಿದ್ದ ಹುಡುಗ ನನಗ ಹೇಳ್ದ, "ನಿನ್ನ ದನಿ ಎಲ್ಲಿ ಹೋಯ್ತು ಅಂತ ಕೇಳ್ಲಕತ್ತಾಳ್ರಿ ಸರ."

ಈ ಪ್ರಶ್ನಿ ಯಾಕ ಅಷ್ಟ್ ಭಾರ ಅಂದ್ರ, ಆ ತಾಂಡಾದಾಗ ಎಲ್ಲಾರಿಗೂ ಅಕಿ ಗುರ್ತು ಇರೋದೇ ದನಿಲಿಂದ. ದವಾಳಿ ಬಂದ್ರ ಲಂಬಾಣಿ ಹುಡುಗ್ಯಾರು ದೀಪ ಹಿಡ್ದು ಮನಿ ಮನಿಗ ಹೋಗಿ ಹಾಡಿ ಹಾರೈಸ್ತಾರ, ಆ ಹಾಡು ನಾಕ್ ವರ್ಷದಿಂದ ಎತ್ತೋದು ಅಕಿನೇ. ಕತ್ತಲದಾಗ ಮುಖ ಕಾಣಲ್ದಿದ್ರ ಭಿ ದನಿ ಕೇಳಿ ಯಾರ ಮಗಳು ಬಂದಾಳ ಅಂತ ಹೇಳ್ತಾರ.

ನಾನು ಕಲಬುರಗಿದಾಗ ಡಿಗ್ರಿ ಕಾಲೇಜಿನ ಕನ್ನಡ ಮಾಸ್ತರ, ಕಾಲೇಜು ಮುಗದ ಮ್ಯಾಲ ಹುಡುಗುರಿಗ ನಾಟಕ ಕಲಿಸ್ತೀನಿ. ಈ ಹುಡುಗಿ ನನ್ನ ಹತ್ರ ಮೂರ್ ವರ್ಷ ಇದ್ದಾಕಿ. ಹೆಸರು ಹೇಳಲ್ಲ, ಅಕಿ ಇನ್ನ ಈ ಲೈನ್‌ದಾಗೇ ಕೆಲಸ ಮಾಡ್ಬೇಕಾಗ್ಯಾದ. ಚಾನೆಲ್‌ದು, ಸೀರಿಯಲ್‌ದು ಹೆಸರೂ ಹೇಳಲ್ಲ. ಒಂದ್ ಹುಡುಗಿನ ಟಿವಿಗ ತಗೊಂಡು, ಹನ್ನೊಂದ್ ಎಪಿಸೋಡ್‌ದಾಗ ಅಕಿಲಿಂದ ಒಂದೊಂದೇ ಕಳದು, ಕಡೀಕ ಬರೀ ಮುಖ ಉಳಿಸಿದ್ದು ಹ್ಯಾಂಗ ಅಂತ ಎಳಿ ಎಳಿಯಾಗಿ ಬರೀಬೇಕು ಅಂತ ಕೂತೀನಿ, ಯಾಕಂದ್ರ ಪ್ರತಿ ಸಲ ಯಾರಾದ್ರೂ ಒಬ್ಬರು ನಿರ್ಧಾರ ತಗೊಂಡಾರ, ಪ್ರತಿಯೊಂದ್ ನಿರ್ಧಾರಕ್ಕೂ ಒಂದ್ ಸಣ್ಣ ಕಾರಣ ಇತ್ತು, ಮತ್ತ ಕೆಟ್ಟ ಮನಸ್ಸಿನವರು ಅಂತ ಯಾರೂ ಇರ್ಲಿಲ್ಲ.

ಆಡಿಷನ್

ವಾಟ್ಸಾಪ್‌ದಾಗ ಒಂದ್ ಮೆಸೇಜ್ ಬಂದಿತ್ತು, ಹೊಸ ಟ್ರ್ಯಾಕ್‌ಗ (ಅಂದ್ರ ಸೀರಿಯಲ್ ಒಳಗಿನ ಉಪಕಥಿಗ) ಉತ್ತರ ಕರ್ನಾಟಕದ ಹುಡುಗಿ ಬೇಕು, ಹೀರೋಯಿನ್ ಗೆಳತಿ ಪಾತ್ರ, ವಯಸ್ಸು ಇಪ್ಪತ್ತರಿಂದ ಇಪ್ಪತ್ತೈದು, ವಿಡಿಯೋ ಕಳಿಸ್ರಿ ಅಂತ. ಕಾಲೇಜಿನ ಮಾಳಗಿ ಮ್ಯಾಲ ನನ್ನ ಫೋನ್‌ದಾಗೇ ಶೂಟ್ ಮಾಡಿದ್ವಿ. ಮಾತು ಅಕಿನೇ ಬರಕೊಂಡಿದ್ಲು, ಸಂತ್ಯಾಗ ತೊಗರಿಬ್ಯಾಳಿ ರೇಟ್ ಬಗ್ಗೆ ಜಗಳ. "ಅಲ್ರೀ ಸಾವುಕಾರ, ಹೋದ್ ವಾರ ಅಂದಿದ್ದೇ ಬ್ಯಾರೆ ಇವತ್ತ ಅಂಬೋದೇ ಬ್ಯಾರೆ, ರಾತ್ರಿಕ ರಾತ್ರಿ ನಿಮ್ಮ ಬ್ಯಾಳಿಗ ರೆಕ್ಕಿ ಬಂದಾವೇನು?" ಅಂತ ಸುರು ಆಗ್ತದ ಅದು, ನಡುವ ತಮ್ಮಗ ಅಂತ ಒಂದ್ ಮಾತು ಗೋರ್ ಬೋಲಿದಾಗ, ಅಂದ್ರ ಲಂಬಾಣಿ ಭಾಷಾದಾಗ, ಆಡ್ತಾಳ, ಮತ್ತ ಕನ್ನಡಕ ಬರ್ತಾಳ. ಎರಡನೇ ಟೇಕ್ ಕಳಿಸಿದ್ವಿ. ಮೂರನೇ ದಿನ ಫೋನ್ ಬಂತು. ಫೋನ್ ಮಾಡ್ದವರು ಅಂದಿದ್ದು ನನಗ ಇವತ್ತಿಗೂ ನೆನಪದ, "ಸರ್, ವಾಯ್ಸ್ ಸೂಪರ್ ಆಗಿದೆ, ಆ ಸ್ಲ್ಯಾಂಗೇ ಬೇಕು ನಮಗೆ."

ಅಂದ್ರ ಅಕಿನ ಆರಿಸಿದ್ದೇ ದನಿ ಕೇಳಿ. ಇದನ್ನ ಮರೀಬ್ಯಾಡ್ರಿ.

ಇಲ್ಲಿ ಜರಾ ನಮ್ಮ ಭಾಷಾ ಬಗ್ಗೆ ಹೇಳ್ಬೇಕು, ಇಲ್ಲಂದ್ರ ಹೊರಗಿನವರಿಗ ಮುಂದಿಂದು ತಿಳಿಯಲ್ಲ. ಬೆಂಗಳೂರಾಗ ಕೂತು ನೋಡಿದ್ರ ತುಂಗಭದ್ರಾ ದಾಟಿದ್ ಮ್ಯಾಲ ಎಲ್ಲಾ ಒಂದೇ ಕಾಣ್ತದ ಅನಸ್ತದ. ಹಂಗಿಲ್ಲ. ಧಾರವಾಡ, ಬೆಳಗಾವಿ, ವಿಜಯಪುರ ಬಾಂಬೆ ಪ್ರಾಂತ್ಯದಾಗ ಇದ್ವು. ಕಲಬುರಗಿ, ಬೀದರ, ರಾಯಚೂರು 1948ರ ಸೆಪ್ಟೆಂಬರ್ 17ರ ತನ ನಿಜಾಮನ ಕೈಯಾಗ ಇದ್ವು, ಆಮ್ಯಾಲ 1956ರ ತನ ಹೈದರಾಬಾದ್ ರಾಜ್ಯದಾಗ ಇದ್ವು. ಅದಕ್ಕೇ ನಮ್ಮ ಮಾತಿನಾಗ ಉರ್ದು ಹಿಟ್ಟಿನಾಗ ಉಪ್ಪು ಕಲತಂಗ ಕಲತದ, ಖರೇ, ಜರಾ, ಜಲ್ದಿ, ದವಾಖಾನಿ ಎಲ್ಲಾ ನಮಗ ಕನ್ನಡನೇ. ಧಾರವಾಡದವರು "ಐತಿ" ಅಂದ್ರ ನಾವು "ಅದ" ಅಂತೀವಿ. ಅವರು "ಮಾಡಾಕ ಹತ್ತೈತಿ" ಅಂದ್ರ ನಾವು "ಮಾಡ್ಲಕತ್ತದ" ಅಂತೀವಿ. ಲಂಬಾಣಿಗರಿಗ ಮನಿಯಾಗ ಗೋರ್ ಬೋಲಿ, ಅದು ರಾಜಸ್ಥಾನ ಕಡಿ ಭಾಷಾಗಳ ಬಳಗ, ತನ್ನದೇ ಲಿಪಿ ಇಲ್ಲ, ನಮ್ಮಲ್ಲಿ ಕನ್ನಡ ಅಕ್ಷರದಾಗೇ ಬರೀತಾರ. ಇದೇ ಮಂದಿ ಕರ್ನಾಟಕದಾಗ ಪರಿಶಿಷ್ಟ ಜಾತಿ, ಗಡಿ ದಾಟಿ ತೆಲಂಗಾಣಕ ಹೋದ್ರ ಪರಿಶಿಷ್ಟ ಪಂಗಡ. ಒಂದೇ ಮನೆತನದ ಅಕ್ಕ ತಂಗಿ ಗಡಿ ಆ ಕಡಿ ಈ ಕಡಿ ಮದಿವಿ ಆದ್ರ ಸರ್ಕಾರಿ ಕಾಗದದಾಗ ಬ್ಯಾರೆ ಬ್ಯಾರೆ ಆಗ್ತಾರ.

ಸೆಟ್‌ನ್ಯಾಗ

ಹಾಸನ ಗಾಡಿ ಹತ್ತಿ ಬೆಂಗಳೂರಿಗ ಹೋದ್ಲು. ನಾ ಭಿ ಎರಡ್ ದಿನ ಜೋಡಿ ಹೋಗಿದ್ದೆ. ಹೋಗಿ ನೋಡಿದ್ರ ಗೆಳತಿ ಪಾತ್ರ ಮನಿಕೆಲಸದಾಕಿ ಆಗಿತ್ತು. ಯಾಕ ಅಂದ್ರ ಗೆಳತಿ ಅಂದ್ರ ಅಕಿಗೊಂದ್ ಮನಿ ತೋರಿಸ್ಬೇಕು, ಅಪ್ಪ ಅವ್ವ ಬೇಕು, ಹೊಸ ಸೆಟ್ ಬೇಕು, ಕೆಲಸದಾಕಿ ಆದ್ರ ಇದ್ದ ಅಡಗಿ ಮನ್ಯಾಗೇ ಆಗ್ತದ. ಇದು ಮೊದಲನೇ ಸಣ್ಣ ಕಾರಣ. ರೊಕ್ಕದ ಕಾರಣ, ಖರೇ ಕಾರಣನೇ.

ಪಾತ್ರದ ಹೆಸರೇನು ಅಂತ ನಾ ಕೇಳ್ದೆ. ಅಸಿಸ್ಟೆಂಟ್ ಡೈರೆಕ್ಟರ್ ಹುಡುಗ ಕಾಗದ ತಿರುವಿ ನೋಡ್ದ, ಅದರಾಗ "ಲಂಬಾಣಿ" ಅಂತ ಬರದಿತ್ತು. ಹೀರೋಯಿನ್‌ಗ ಹೆಸರು, ಅತ್ತಿಗ ಹೆಸರು, ಮನಿ ನಾಯಿಗ ಭಿ ಹೆಸರಿತ್ತು. ಹನ್ನೊಂದೂ ಎಪಿಸೋಡ್‌ದಾಗ ಆ ಮನಿಯವರು ಅಕಿನ ಕರದಿದ್ದು "ಏ ಲಂಬಾಣಿ" ಅಂತ.

ಬಟ್ಟಿ ಬಾಡಿಗಿ ಅಂಗಡಿಲಿಂದ ಬಂದಿತ್ತು. ಘಾಗ್ರಾ, ಮ್ಯಾಲ ಪ್ಲಾಸ್ಟಿಕ್ ಕನ್ನಡಿ ಅಂಟಿಸಿದ್ದು, ಗೋಂದು ಕಾಣ್ಲಕತ್ತಿತ್ತು. ಇವರ ತಾಯಿ ಖರೇ ಲಂಬಾಣಿ ದಿರಸು ಉಡ್ತಾಳ, ಅದನ್ನ ನಾ ಹತ್ರದಿಂದ ನೋಡೀನಿ. ಕಾಂಚಳಿಗ, ಅಂದ್ರ ಕುಪ್ಪಸಕ್ಕ, ಒಂದೊಂದ್ ಕನ್ನಡಿ ಸುತ್ತ ದಾರದಾಗ ಕಟ್ಟಿ ಕೂಡಿಸಿರ್ತಾರ, ಅಂಚಿಗ ಕವಡಿ, ನಡುವ ಹಳೇ ನಾಣ್ಯ, ಎತ್ತಿದ್ರ ಕೈಗ ಭಾರ ಹತ್ತದ. ಒಂದ್ ಹೊಲಿಲಿಕ್ಕ ಹೊಲದ ಕೆಲಸ ಮುಗಿಸಿ ಸಂಜಿಮುಂದ ಕೂತು ಕೂತು ತಿಂಗಳುಗಟ್ಟಲೆ ಬೇಕು. ಅದನ್ನ ಉಟ್ಟಾಕಿ ನಡದು ಬಂದ್ರ ಸಪ್ಪಳ ಬರ್ತದ. ಅಂಥಾದ್ದು ಹಾಕಿದ್ರ ಅದೊಂದ್ ಮಾತು. ಆದ್ರ ಹುಡುಗಿ ಕೇಳಿದ್ದು ಇನ್ನಾ ಸಾದಾ ಪ್ರಶ್ನಿ, "ಸರ, ನಾ ಚೂಡಿದಾರ್ ಹಾಕಿ ಬಿಎ ಓದೀನಿ, ನನ್ನ ವಾರಿಗಿ ಹುಡುಗ್ಯಾರು ಯಾರೂ ತಾಂಡಾದಾಗ ಭಿ ದಿನಾ ಇದನ್ನ ಉಡಲ್ಲ, ಬೆಂಗಳೂರಾಗ ಕೆಲಸಕ ಬಂದಾಕಿ ಯಾಕ ಉಡ್ತಾಳ?" ಕಾಸ್ಟ್ಯೂಮ್‌ನವರು ಅಂದ್ರು, ಉಡದಿದ್ರೆ ನೋಡೋರಿಗೆ ಲಂಬಾಣಿ ಅಂತ ಹೆಂಗಮ್ಮಾ ಗೊತ್ತಾಗ್ಬೇಕು.

ಆಮ್ಯಾಲ ಮೇಕಪ್. ಅಕಿ ಬಣ್ಣ ಗೋದಿ ಬಣ್ಣಕಿಂತ ಜರಾ ಕಪ್ಪು. ಅದು ಸಾಲಲಿಲ್ಲ, ಎರಡ್ ಶೇಡ್ ಕಪ್ಪು ಮಾಡಿದ್ರು. ಬಾಜೂದ್ ಕುರ್ಚಿದಾಗ ಕೂತಿದ್ದ ಹೀರೋಯಿನ್‌ದೂ ಹಳ್ಳಿ ಹುಡುಗಿ ಪಾತ್ರನೇ, ಅಕಿ ಮಾತ್ರ ಹಾಲಿನ್ಯಾಗ ತೊಳದಂಗ ಇದ್ಲು. ಒಂದೇ ಕನ್ನಡಿದಾಗ ಇಬ್ಬರೂ ಕಾಣ್ಲಕತ್ತಿದ್ರು, ಒಬ್ಬಾಕಿಗ ಪೌಡರ್ ಏರಿಸ್ಲಕತ್ತಾರ, ಇನ್ನೊಬ್ಬಾಕಿಗ ಇಳಿಸ್ಲಕತ್ತಾರ. ನಮ್ಮ ದೇಶದ ಟಿವಿದಾಗ ಕಪ್ಪು ಹುಡುಗಿ ಕಥಿ ಅಂತ ಹೇಳಿ ಬೆಳ್ಳಗಿನ ನಟಿಗ ಕಪ್ಪು ಬಳದು ತೋರಿಸಿದ್ದು ಎಷ್ಟೋ ಭಾಷಾದಾಗ ಆಗ್ಯಾದ. ಇಂಗ್ಲೆಂಡಿನಾಗ ಬಿಬಿಸಿ ಭಿ 1958ರಿಂದ 1978ರ ತನ ಇಪ್ಪತ್ ವರ್ಷ ಒಂದ್ ಹಾಡಿನ ಕಾರ್ಯಕ್ರಮ ನಡಸಿತ್ತು, ಬಿಳಿ ಹಾಡುಗಾರರು ಮುಖಕ್ಕ ಕಪ್ಪು ಬಳಕೊಂಡು ಹಾಡೋರು, 1967ರಾಗ ಜನಾಂಗಭೇದದ ವಿರುದ್ಧ ಇದ್ದ ಸಂಘಟನೆಯವರು ಬಂದ್ ಮಾಡ್ರಿ ಅಂತ ಅರ್ಜಿ ಕೊಟ್ಟ ಮ್ಯಾಲ ಭಿ ಇನ್ನೂ ಹನ್ನೊಂದ್ ವರ್ಷ ನಡೀತು. ಅವತ್ತೂ ಬಂದ ಉತ್ತರ ನೋಡೋ ಮಂದಿ ಜಾಸ್ತಿ ಅದಾರ ಅಂತಲೇ.

ಆ ದಿನ ರಾತ್ರಿ ಹುಡುಗಿ ಕೇಳಿದ್ಲು, ಸರ ನಾ ವಾಪಸ್ ಬರ್ಲೇನು ಅಂತ. ನಾ ಇರು ಅಂದೆ. ಅಮೆರಿಕಾದ ನಿಚೆಲ್ ನಿಕೋಲ್ಸ್ ಕಥಿ ಹೇಳ್ದೆ. 1966ರಾಗ ಸುರು ಆದ ಟಿವಿ ಸೀರಿಯಲ್ ಸ್ಟಾರ್ ಟ್ರೆಕ್‌ದಾಗ ಉಹುರಾ ಪಾತ್ರ ಮಾಡಿದ ಕಪ್ಪು ನಟಿ ಅಕಿ. ಮೊದಲನೇ ವರ್ಷ ಮುಗದ್ ಮ್ಯಾಲ ಬಿಟ್ಟು ಹೋಗ್ಬೇಕು ಅಂತ ಮಾಡಿದ್ಲು, ಮಾರ್ಟಿನ್ ಲೂಥರ್ ಕಿಂಗ್ ಒಂದ್ ಸಮಾರಂಭದಾಗ ಸಿಕ್ಕು, ನೀ ಬಿಡಬ್ಯಾಡ, ನಮ್ಮ ಮಕ್ಕಳು ನಿನ್ನ ನೋಡ್ಲಕತ್ತಾರ ಅನ್ನೋ ಅರ್ಥದಾಗ ಹೇಳಿದ್ರು, ಅಕಿ ಉಳದ್ಲು. ನಮ್ಮ ತಾಂಡಾದ ಹುಡುಗುರು ಭಿ ನಿನ್ನ ನೋಡ್ತಾವ, ಇರು ಅಂದೆ.

ಈ ಸಲಹಾ ತಪ್ಪಿತ್ತು. ನಾನು ಆ ಕಥಿ ಅರ್ಧನೇ ನೋಡಿದ್ದೆ. ಉಹುರಾ ಆ ಕಥ್ಯಾಗಿನ ಅಂತರಿಕ್ಷ ಹಡಗಿನಾಗ ಲೆಫ್ಟಿನೆಂಟ್, ಅಕಿಗ ಹೆಸರದ, ಹುದ್ದಿ ಅದ, ಬಾಕಿ ಅಧಿಕಾರಿಗಳಂಗೇ ಸಮವಸ್ತ್ರ ಅದ, ಕ್ಯಾಪ್ಟನ್ ಕೂತ ಜಾಗಾದಾಗೇ ಅಕಿಗೊಂದ್ ಕುರ್ಚಿ ಅದ. ಆಡೋದು ಅಕಿದೇ ದನಿ. ಅಂಥಾ ಜಾಗಾ ಬಿಡಬ್ಯಾಡ ಅಂತ ಕಿಂಗ್ ಹೇಳಿದ್ದು. ನಾ ಇರು ಅಂತ ಹೇಳಿದ ಜಾಗಾದಾಗ ಇವ್ಯಾವೂ ಇರ್ಲಿಲ್ಲ. ಬರೀ ಕಾಣಸ್ಕೊಂಡ್ರ ಸಾಕು ಅಂತ ನಾ ತಿಳ್ಕೊಂಡಿದ್ದೆ.

ಪ್ರಾಂಪ್ಟಿಂಗ್, ಡಬ್ಬಿಂಗ್

ಡೇಲಿ ಸೀರಿಯಲ್ ಕೆಲಸ ಹ್ಯಾಂಗ ನಡೀತದ ಅಂತ ಗೊತ್ತಿಲ್ಲದವರಿಗ ಹೇಳ್ತೀನಿ. ವಾರಕ ಐದಾರ್ ಎಪಿಸೋಡ್ ಬೇಕು. ಡೈಲಾಗ್ ಎಷ್ಟೋ ಸಲ ಶೂಟಿಂಗ್ ದಿನಾನೇ ಬರ್ತದ, ಬಾಯಿಪಾಠ ಮಾಡ್ಲಿಕ್ಕ ಟೈಮ್ ಇರಲ್ಲ, ಅದಕ್ಕ ಕ್ಯಾಮೆರಾ ಹಿಂದ ಒಬ್ಬ ನಿಂತು ಒಂದೊಂದ್ ಸಾಲು ಜೋರಾಗಿ ಓದ್ತಾನ, ಕಲಾವಿದರು ಕೇಳಿ ಹೇಳ್ತಾರ. ಅದೇ ಪ್ರಾಂಪ್ಟಿಂಗ್. ಅಂವನ ದನಿ ಮೈಕ್‌ದಾಗ ಸೇರ್ತದ, ಅದಕ್ಕ ಆಮ್ಯಾಲ ಡಬ್ಬಿಂಗ್ ಮಾಡ್ಬೇಕಾಗ್ತದ. ಇದರಾಗ ತಪ್ಪೇನಿಲ್ಲ, ಕೆಲಸದ ರೀತಿ ಅದು.

ಆದ್ರ ಓದೋ ಸಾಲು ಯಾವ್ದಿತ್ತು? ನಾ ಇದ್ದ ದಿನ ಶೂಟ್ ಆಗಿದ್ದು ಇದು, "ಯವ್ವಾ ಯವ್ವಾ ಅಮ್ಮಾರ, ಮಿಕ್ಸಿ ತಿರಗಾಕ ಹತ್ತೈತಿ, ನಂಗ ದೆವ್ವ ಕಂಡಂಗ ಆಗೈತಿ!" ಇದು ನಮ್ಮ ಕನ್ನಡ ಅಲ್ಲ. ಧಾರವಾಡದವರು ಕೇಳಿದ್ರ ಅವರೂ ತಮ್ಮದಲ್ಲ ಅಂತಾರ. ಇದು ಟಿವಿದವರು ಹಾಸ್ಯಕ್ಕಂತ ಮಾಡ್ಕೊಂಡ ಭಾಷಾ, ಯಾವ ಊರಾಗೂ ಇದನ್ನ ಯಾರೂ ಆಡಂಗಿಲ್ಲ. ಹುಡುಗಿ ಬಾಯಿಲಿಂದ ತಾನಾಗೇ "ತಿರುಗ್ಲಕತ್ತದ" ಅಂತ ಬಂತು. ಕಟ್ ಅಂದ್ರು. ಪ್ರಾಂಪ್ಟ್ ಹುಡುಗ ತಿದ್ದಿದ, "ಹತ್ತೈತಿ ಅನ್ನಮ್ಮ." ಮತ್ತೊಮ್ಮೆ "ಲಕತ್ತದ" ಬಂತು. ಮತ್ತ ಕಟ್. ನಾಕನೇ ಟೇಕ್‌ಗ "ಹತ್ತೈತಿ" ಅಂದ್ಲು, ಆದ್ರ ಹೇಳೋ ಹೊತ್ತಿಗ ಮುಖದಾಗಿನ ಜೀವ ಹೋಗಿತ್ತು, ಕಣ್ಣು ಕ್ಯಾಮೆರಾ ಹಿಂದಿನ ಹುಡುಗನ ತುಟಿ ಮ್ಯಾಲ ನಟ್ಟಿದ್ವು. ಟೇಕ್ ಓಕೆ ಆಯ್ತು.

ಮಿಕ್ಸಿ ಬಗ್ಗೆ ಭಿ ಹೇಳ್ಬೇಕು. ಇವರ ತಾಂಡಾದ ಮನ್ಯಾಗ ಮಿಕ್ಸಿ ಅದ. ಅಕಿ ತಮ್ಮ ಪುಣೆದಾಗ ಕಟ್ಟಡ ಕೆಲಸಕ ಹೋಗಿ ಗಳಿಸಿದ ರೊಕ್ಕದಾಗ ತಂದಿದ್ದು. ಮಿಕ್ಸಿ ಕಂಡು ಅಂಜೋ ಲಂಬಾಣಿ ಹೆಣ್ಮಗಳು ಆ ಡೈಲಾಗ್ ಬರದವರ ತಲ್ಯಾಗ ಮಾತ್ರ ಅದಾಳ.

ಡಬ್ಬಿಂಗ್‌ಗ ಅಕಿನ ಕರೀಲೇ ಇಲ್ಲ. ಸ್ಟುಡಿಯೋದಾಗ ದಿನಾ ಸಿಗೋ ಡಬ್ಬಿಂಗ್ ಆರ್ಟಿಸ್ಟ್ ಒಬ್ಬಾಕಿ, ಬೆಂಗಳೂರಾಕಿ, ಒಂದೇ ದಿನದಾಗ ನಾಕೈದ್ ಪಾತ್ರಕ್ಕ ದನಿ ಕೊಡ್ತಾಳಂತ, ಅಕಿನೇ ಇದಕ್ಕೂ ಕೊಟ್ಲು. ಕಾರಣ ಕೇಳಿದ್ರ ಡಬ್ಬಿಂಗ್‌ಗ ಹೊಸಬರು ಟೈಮ್ ತಗೋತಾರ, ಎಪಿಸೋಡ್ ಸಂಜಿಕ ಚಾನೆಲ್‌ಗ ಹೋಗ್ಬೇಕು. ಇದು ಭಿ ಸಣ್ಣ ಕಾರಣ, ಇದೂ ಖರೇನೇ. ಹಿಂಗ ದನಿಗಂತ ಆರಿಸಿದ ಹುಡುಗಿಲಿಂದ ಕಡೀಕ ಕಳದಿದ್ದು ದನಿನೇ.

ಇದನ್ನ ನೋಡಿದಾಗ ನನಗ ಅಪು ನೆನಪಾದ. ಅಮೆರಿಕಾದ ದಿ ಸಿಂಪ್ಸನ್ಸ್ ಕಾರ್ಟೂನ್‌ದಾಗ ಅಂಗಡಿ ಇಟ್ಟ ಭಾರತದವ. ಅಂವಗ 1990ರಿಂದ ದನಿ ಕೊಟ್ಟವರು ಹ್ಯಾಂಕ್ ಅಝಾರಿಯಾ ಅಂತ ಬಿಳಿ ನಟ, ನಮ್ಮವರ ಇಂಗ್ಲಿಷ್ ಹಿಂಗೇ ಇರ್ತದ ಅಂತ ಮಾಡ್ಕೊಂಡ ಒಂದ್ ರಾಗದಾಗ. ಅಲ್ಲಿ ಹುಟ್ಟಿ ಬೆಳದ ನಮ್ಮ ಮಂದಿ ಮಕ್ಕಳನ್ನ ಸಾಲ್ಯಾಗ ಅದೇ ರಾಗದಾಗ ಕಾಡಿಸ್ತಿದ್ರು. ಹರಿ ಕೊಂಡಬೋಲು ಅನ್ನೋ ಕಲಾವಿದ 2017ರಾಗ ಇದರ ಮ್ಯಾಲ ಒಂದ್ ಸಾಕ್ಷ್ಯಚಿತ್ರ ಮಾಡಿದ್ರು, ದೊಡ್ಡ ಚರ್ಚಾ ಆಯ್ತು, 2020ರ ಜನವರಿದಾಗ ಅಝಾರಿಯಾ ಇನ್ನ ಆ ದನಿ ಕೊಡಲ್ಲ ಅಂದ್ರು, ಅದೇ ವರ್ಷ ಜೂನ್‌ದಾಗ ಬಿಳಿಯರಲ್ಲದ ಪಾತ್ರಗಳಿಗ ಬಿಳಿ ನಟರ ದನಿ ಹಾಕಲ್ಲ ಅಂತ ಕಾರ್ಯಕ್ರಮದವರೇ ಹೇಳಿದ್ರು. ಮೂವತ್ ವರ್ಷ ಬೇಕಾಯ್ತು. ಅಪು ಕಾರ್ಟೂನ್ ಇದ್ದ, ಅಂವಗ ತನ್ನ ದನಿ ಅಂತ ಇರ್ಲಿಲ್ಲ. ನಮ್ಮ ಹುಡುಗಿಗ ಇತ್ತು, ಕೇಳಿದವರು ಸೂಪರ್ ಅಂದಿದ್ರು.

ಅರ್ಥ ಆಗಲ್ಲ ಅನ್ನೋ ಉತ್ತರ

ನಾ ಎಪಿಸೋಡ್ ಡೈರೆಕ್ಟರ್‌ಗ ಫೋನ್ ಮಾಡ್ದೆ. ಒಳ್ಳೆ ಮನುಷ್ಯ, ಪೂರಾ ಕೇಳ್ಕೊಂಡ್ರು. ಅವರು ಹೇಳಿದ್ದು, ಸರ್ ನಿಮ್ ಕಡೆ ಭಾಷೆ ಹಂಗೇ ಇಟ್ರೆ ಹಾಸನ ಮಂಡ್ಯದೋರಿಗೆ ಅರ್ಥ ಆಗಲ್ಲ, ಗುರುವಾರ ರೇಟಿಂಗ್ ಬಂದಾಗ ಚಾನೆಲ್‌ನವರು ನನ್ನ ಕೇಳ್ತಾರೆ. ಇಡೀ ದೇಶದಾಗ 50 ಸಾವಿರಕ್ಕ ಜಾಸ್ತಿ ಮನಿಗಳ ಟಿವಿಗ ಮೀಟರ್ ಹಚ್ಚ್ಯಾರ, ಬಾರ್ಕ್ ಸಂಸ್ಥಾ ಅದರ ಲೆಕ್ಕಾ ವಾರಕ್ಕೊಮ್ಮಿ ಕೊಡ್ತದ, ಜಾಹೀರಾತು ರೊಕ್ಕ ಅದರ ಮ್ಯಾಲೇ ನಡೀತದ. ಅವರ ಅಂಜಿಕಿ ನನಗ ತಿಳೀತದ.

ಆದ್ರ "ಅರ್ಥ ಆಗಲ್ಲ" ಅಂಬೋದನ್ನ ಯಾರರ ಪರೀಕ್ಷಾ ಮಾಡಿ ನೋಡ್ಯಾರೇನು? ನಾ ಅಕಿ ಆಡಿಷನ್ ವಿಡಿಯೋ ಹಾಸನ, ತುಮಕೂರು, ಮೈಸೂರು, ಮಂಗಳೂರು ಕಡಿ ಇರೋ ನನ್ನ ಗೆಳೆಯರ ಮನಿಗೋಳಿಗ ಕಳಿಸಿ, ನಿಮ್ಮ ತಾಯಿಗ ತೋರ್ಸಿ ಏನ್ ತಿಳೀತು ಕೇಳ್ರಿ ಅಂದೆ. ಆರು ಮನಿ. ಎಲ್ಲಾ ತಾಯಂದ್ರೂ ಜಗಳ ಯಾತಕ್ಕದ ಅಂತ ಬರೋಬರಿ ಹೇಳಿದ್ರು, ಹಾಸನದ ಆ ಅಮ್ಮ ಅಂತೂ ರೆಕ್ಕಿ ಮಾತಿಗ ನಕ್ಕು ಇನ್ನೊಮ್ಮಿ ಹಾಕು ಅಂದ್ರಂತ. ಗೋರ್ ಬೋಲಿ ಸಾಲು ಯಾರಿಗೂ ತಿಳೀಲಿಲ್ಲ, ಆದ್ರ ತಮ್ಮಗ ಬೈಲಕತ್ತಾಳ ಅಂತ ಎಲ್ಲಾರಿಗೂ ತಿಳೀತು. ಆರ್ ಮನಿ ಅಂದ್ರ ಏನೂ ಅಲ್ಲ, ನನಗ ಗೊತ್ತದ. ಅವರು ಅಷ್ಟ್ ಭಿ ಮಾಡಿಲ್ಲ. ನಾವು ಈ ಕಡಿಯವರು ಸೀರಿಯಲ್ ಸುರು ಆದಾಗಲಿಂದ ಬೆಂಗಳೂರು ಮೈಸೂರಿನ ಕನ್ನಡ ಕೇಳಿ ಅರ್ಥ ಮಾಡ್ಕೊಂಡೀವಿ, ನಮಗ ಅರ್ಥ ಆಗ್ತದೋ ಇಲ್ಲೋ ಅಂತ ಯಾರೂ ಕೇಳಿಲ್ಲ. 2020ರ ಲಾಕ್‌ಡೌನ್‌ದಾಗ ಹಿಂದಿ ಮಹಾಭಾರತ ಕನ್ನಡಕ ಡಬ್ ಆಗಿ ಬಂತು, ತುಟಿ ಒಂದ್ ಕಡಿ ಮಾತು ಒಂದ್ ಕಡಿ, ಇಡೀ ರಾಜ್ಯ ಕೂತು ನೋಡ್ತು. ನೋಡೋ ಮಂದಿಗ ತಾಳ್ಮಿ ಅದ ಅನ್ಲಿಕ್ಕ ಇದಕಿಂತ ಇನ್ನೇನ್ ಬೇಕು.

ಮತ್ತ ಒಂದ್ ಮಾತು ಹೇಳ್ಬೇಕು, ಇದು ಬಹಳ ಮಂದಿಗ ಗೊತ್ತಿಲ್ಲ. ಕರ್ನಾಟಕದಾಗ ಟಿವಿ ಮೊದಲ್ ಬಂದಿದ್ದು ಬೆಂಗಳೂರಿಗ ಅಲ್ಲ, ನಮ್ಮ ಹಳ್ಳಿಗೋಳಿಗ. 1975ರ ಆಗಸ್ಟ್ 1ರಿಂದ ಒಂದ್ ವರ್ಷ, ಅಮೆರಿಕಾದ ನಾಸಾದ ಎಟಿಎಸ್-6 ಉಪಗ್ರಹದ ಮುಖಾಂತರ, ಆರ್ ರಾಜ್ಯದ 2,400 ಹಳ್ಳಿಗೋಳಿಗ ಟಿವಿ ತೋರಿಸಿದ್ರು, ಸೈಟ್ ಅಂತಿದ್ರು ಅದಕ್ಕ. ಕರ್ನಾಟಕದಾಗ ಆರಿಸಿದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲಾ. ಸೇಡಂ ಕಡಿ ಒಂದ್ ಹಳ್ಳ್ಯಾಗ ನಮ್ಮಪ್ಪ ಸಾಲಿ ಮಾಸ್ತರ ಇದ್ರು, ಟಿವಿ ಪೆಟ್ಟಿಗಿ ಕೀಲಿ ಅವರ ಹತ್ರ ಇರ್ತಿತ್ತು. ಕೋಳಿ ಗೂಡಿನ ಜಾಳಗಿದಾಗ ಮಾಡಿದ್ ಹತ್ತ್ ಫುಟಿನ ದೊಡ್ಡ ಬುಟ್ಟಿ ಸಾಲಿ ಅಂಗಳದಾಗ ಆಕಾಶಕ್ಕ ಮುಖ ಮಾಡಿ ನಿಂತಿತ್ತು ಅಂತ ಹೇಳ್ತಿದ್ರು, ಸಂಜಿಕ ಇಡೀ ಊರು ಅದರ ಮುಂದ ಕೂಡ್ತಿತ್ತಂತ. ಬೆಂಗಳೂರಾಗ ದೂರದರ್ಶನ ಕೇಂದ್ರ ಸುರು ಆಗಿದ್ದು 1981ರಾಗ. ನಮ್ಮ ಗುಲಬರ್ಗಾದಾಗ 1977ರಾಗೇ ಕೇಂದ್ರ ಬಂದಿತ್ತು. ಆದ್ರ ಸೈಟ್ ವ್ಯಾಳ್ಯಾದಾಗ ನಮಗ ಬರೋ ಕನ್ನಡ ಕಾರ್ಯಕ್ರಮ ತಯಾರಾಗ್ತಿದ್ದುದು ಹೈದರಾಬಾದಿನಾಗ. ಈಗ ಬೆಂಗಳೂರಾಗ. ಅರ್ಧ ಶತಮಾನದಿಂದ ನಾವು ನೋಡೋರು, ನಮ್ಮ ಮಾತು ಬ್ಯಾರೆಯವರು ಬರಿಯೋರು.

ದೂರು

ಕೇಬಲ್ ಟಿವಿ ನೆಟ್‌ವರ್ಕ್ ನಿಯಮ ಅಂತ 1994ದ್ದು ಅದ. ಅದರ ಆರನೇ ನಿಯಮದಾಗ ಕಾರ್ಯಕ್ರಮದ ಸಂಹಿತಿ ಕೊಟ್ಟಾರ. ಯಾವ್ದೇ ಜನಾಂಗ, ಭಾಷಾ, ಪ್ರದೇಶದ ಮಂದಿನ ಹೀಯಾಳಿಸೋ, ವ್ಯಂಗ್ಯ ಮಾಡೋ, ಕೀಳಾಗಿ ಕಾಣೋ ರೀತಿ ತೋರಿಸಬಾರ್ದು ಅಂತ ಅದರಾಗ ಸಾಫಾಗಿ ಅದ. ನಾ ಓದಿದಾಗ ನನಗೇ ಆಶ್ಚರ್ಯ ಆಯ್ತು, ಇಷ್ಟ್ ನೇರವಾಗಿ ಬರದಾರ ಅಂತ. 2021ರ ತಿದ್ದುಪಡಿ ಆದ್ ಮ್ಯಾಲ ನೋಡೋ ಯಾರ್ ಬೇಕಾದ್ರೂ ಚಾನೆಲ್‌ಗ ದೂರು ಕೊಡಬಹುದು, ಹದಿನೈದ್ ದಿನದಾಗ ಅವರು ಉತ್ತರ ಕೊಡ್ಬೇಕು, ಸಮಾಧಾನ ಆಗ್ಲಿಲ್ಲ ಅಂದ್ರ ಚಾನೆಲ್‌ಗಳೇ ಮಾಡ್ಕೊಂಡ ಮ್ಯಾಲಿನ ಸಂಸ್ಥಾಕ, ಅದೂ ಆಗ್ಲಿಲ್ಲ ಅಂದ್ರ ಸರ್ಕಾರಕ್ಕ ಹೋಗಬಹುದು.

ದೂರು ನಾ ಬರದೆ, ನೋಡುಗ ಅಂತ. ಹುಡುಗಿ ಕೈ ಮುಗದು ಕೇಳ್ಕೊಂಡಿದ್ಲು, ಸರ ನನ್ನ ಡಬ್ಬಿಂಗ್ ಮಾತು ಹಾಕಬ್ಯಾಡ್ರಿ, ನಾನೇ ಹೇಳಿ ಕೊಡ್ಸೀನಿ ಅಂತ ತಿಳೀತದ, ನಾಳಿಗ ಯಾರೂ ಕರ್ಯಂಗಿಲ್ಲ. ಹಂಗಾಗಿ ಎಲ್ಲಾರಕಿಂತ ದೊಡ್ಡ ನೋವು ದೂರಿನ್ಯಾಗ ಇರ್ಲೇ ಇಲ್ಲ. ಹೆಸರಿಲ್ಲದ ಪಾತ್ರ, "ಏ ಲಂಬಾಣಿ" ಅಂತ ಕರಿಯೋದು, ಮಿಕ್ಸಿ ಸೀನು, ಇವಷ್ಟೇ ಬರದೆ. ಹದಿಮೂರನೇ ದಿನಕ ಉತ್ತರ ಬಂತು, ಯಾರ ಭಾವನೆಗೂ ಧಕ್ಕೆ ತರೋ ಉದ್ದೇಶ ಇರಲಿಲ್ಲ, ಪಾತ್ರ ಕಾಲ್ಪನಿಕ, ಸದರಿ ಟ್ರ್ಯಾಕ್ ಮುಗದದ ಅಂತ. ಟ್ರ್ಯಾಕ್ ಮುಗದಿದ್ದು ಖರೇ. ಹನ್ನೆರಡನೇ ಎಪಿಸೋಡ್‌ದಾಗ ಅತ್ತಿ ಪಾತ್ರದಾಕಿ "ಆ ಲಂಬಾಣಿ ಊರಿಗೆ ಹೋದ್ಲು" ಅಂತ ಒಂದ್ ಮಾತು ಅಂದ್ಲು, ಅಷ್ಟೇ.

ಮ್ಯಾಲಿನ ಸಂಸ್ಥಾಕ ನಾ ಹೋಗ್ಲಿಲ್ಲ. ಹೋಗ್ಬೇಕಿತ್ತು ಅಂತ ಈಗ ಅನಸ್ತದ. ಒಬ್ಬ ಮಾಸ್ತರ ಒಂದ್ ದೂರು ಕೊಟ್ರ ಅವರಿಗ ಒಂದ್ ಕಾಗದ. ಅಮೆರಿಕಾದಾಗ 1999ರಾಗ ಹಿಂಗೇ ಆಗಿತ್ತು, ನಾಕ್ ದೊಡ್ಡ ಚಾನೆಲ್‌ಗಳು ಆ ವರ್ಷಕ 26 ಹೊಸ ಕಾರ್ಯಕ್ರಮ ತಯಾರ ಮಾಡಿದ್ವು, ಒಂದರಾಗೂ ಮುಖ್ಯ ಪಾತ್ರಕ್ಕ ಅಲ್ಪಸಂಖ್ಯಾತರು ಇರ್ಲಿಲ್ಲ. ಕಪ್ಪು ಜನರ ಹಳೇ ಸಂಘಟನಿ ಎನ್‌ಎಎಸಿಪಿ, ಕ್ವೈಸಿ ಎಂಫುಮೆ ಮುಂದಾಳತ್ವದಾಗ, ಬಹಿಷ್ಕಾರದ ಮಾತೆತ್ತಿ ಎದುರು ನಿಂತ್ತು, ಮುಂದಿನ ವರ್ಷದ ಸುರುವಿಗ ನಾಕೂ ಚಾನೆಲ್ ಒಪ್ಪಂದಕ ಬಂದ್ವು. ನನಗ ಹಿಡಿಸಿದ್ದು ಏನಂದ್ರ, ಆ ಒಪ್ಪಂದದಾಗ ಬರೀ ನಟರ ಮಾತಿರ್ಲಿಲ್ಲ, ಬರಿಯೋರದ್ದು, ಒಳಗ ಕೂತು ನಿರ್ಧಾರ ಮಾಡೋ ಅಧಿಕಾರಿಗಳದ್ದು ಭಿ ಇತ್ತು. ನಮ್ಮ ಪ್ರಕರಣದಾಗ ಡೈಲಾಗ್ ಬರಿಯೋ ಕೋಣ್ಯಾಗ ಕಲಬುರಗಿ, ಬೀದರ, ಯಾದಗಿರದ ಒಬ್ಬರೇ ಒಬ್ಬರು ಇದ್ದಿದ್ರ ಆ "ಹತ್ತೈತಿ" ಕಾಗದದ ಮ್ಯಾಲೇ ಸಾಯ್ತಿತ್ತು, ಸೆಟ್ ತನ ಬರ್ತಿರ್ಲಿಲ್ಲ. ಪಾತ್ರಕ್ಕೊಂದ್ ಹೆಸರಿಡ್ಲಿಕ್ಕ ರೊಕ್ಕನೂ ಬೇಕಾಗಿದ್ದಿಲ್ಲ ಟೈಮೂ ಬೇಕಾಗಿದ್ದಿಲ್ಲ.

ಇದು ಲಂಬಾಣಿಗರದಷ್ಟೇ ಅಲ್ಲ. ನಮ್ಮ ಊರು ಬಂದೇನವಾಜ್ ದರ್ಗಾದ ಊರು, ನಮ್ಮ ಓಣ್ಯಾಗ ಒಂದ್ ಗ್ವಾಡಿ ಆ ಕಡಿ ಮುಸಲ್ಮಾನರ ಮನಿ, ಹಬ್ಬಕ ಶೀರ್‌ಕುರ್ಮಾ ಬರ್ತದ, ಹೋಳಿಗಿ ಹೋಗ್ತದ. ಸೀರಿಯಲ್‌ಗಳಾಗ ಬಾಜೂ ಮನ್ಯಾಗ ಒಬ್ಬ ಸಾಬರು ಸುಮ್ಮ ಬದುಕಿದ್ದು ನಾ ಬಹಳ ಕಮ್ಮಿ ನೋಡೀನಿ, ಅದು ಭಿ ಭಾವೈಕ್ಯದ ಎಪಿಸೋಡ್ ಇದ್ದಾಗ. ತಾಂಡಾಗಳನ್ನ ಚಾನೆಲ್‌ಗಳು ದಿನಪೂರ್ತಿ ತೋರಿಸಿದ್ದು ನನಗ ನೆನಪಿರೋದು 2023ರ ಜನವರಿದಾಗ, ಮಳಖೇಡದಾಗ ಪ್ರಧಾನಿ ಬಂದು 50 ಸಾವಿರಕ್ಕ ಜಾಸ್ತಿ ತಾಂಡಾ ಕುಟುಂಬಗಳಿಗ ಹಕ್ಕುಪತ್ರ ಕೊಟ್ಟಾಗ. ಆವತ್ತು ನಮ್ಮ ಹುಡುಗಿ ತಾಯಿ ಭಿ ಹೋಗಿದ್ಲು. ಕ್ಯಾಮೆರಾದವರು ಅಕಿ ದಿರಸು ತೆಗದ್ರು, ಮಾತಾಡಿಸ್ಲಿಲ್ಲ.

ಈಗ

ಅಕಿಗ ದಿನಕ 1,500ರಂಗ ಏಳ್ ದಿನದ ಪಗಾರ ಬಂತು, ಎರಡ್ ತಿಂಗಳು ತಡ ಆಗಿ. ದವಾಳಿ ರಾತ್ರಿ ದೀಪ ಹಿಡ್ದು ಹೋಗಿದ್ಲಂತ, ಹಾಡು ಅಕಿನೇ ಎತ್ತಿದ್ಲಂತ. ನಾ ಆಗ ಇರ್ಲಿಲ್ಲ.

ಹೋದ್ ತಿಂಗಳು ಇನ್ನೊಂದ್ ಸೀರಿಯಲ್‌ದವರು ಫೋನ್ ಮಾಡಿದ್ರು, ಅದೇ ಹಳೇ ವಿಡಿಯೋ ಯಾರೋ ಅವರಿಗ ಕಳಿಸಿದ್ರಂತ. ಆಗ ಅಕಿ ನಮ್ಮ ರಿಹರ್ಸಲ್‌ದಾಗ ಇದ್ಲು, ಸ್ಪೀಕರ್‌ಗ ಹಾಕಿದ್ಲು, ಎಲ್ಲಾರೂ ಕೇಳಿದ್ವಿ. ಪಾತ್ರ ಚೆನ್ನಾಗಿದೆ, ಮೂವತ್ತು ಎಪಿಸೋಡ್ ಬರುತ್ತೆ ಅಂದ್ರು. ಅಕಿ ಮೊದಲ್ ಕೇಳಿದ್ದು ಪಾತ್ರದ ಹೆಸರೇನ್ರಿ ಅಂತ. ಇನ್ನೂ ಇಟ್ಟಿಲ್ಲಮ್ಮ ಅಂದ್ರು. ಡಬ್ಬಿಂಗ್ ನಾನೇ ಮಾಡ್ಬೇಕ್ರಿ, ಅದಕ್ಕ ಬ್ಯಾರೆ ರೊಕ್ಕ ಬ್ಯಾಡ, ಒಪ್ಪಿದ್ರ ಬರ್ತೀನಿ ಅಂದ್ಲು. ಆ ಕಡಿ ಜರಾ ಹೊತ್ತು ಮಾತಿಲ್ಲ. ಡೈರೆಕ್ಟರ್‌ನ ಕೇಳಿ ಫೋನ್ ಮಾಡ್ತೀವಿ ಅಂದ್ರು.

ಈ ಸಲ ನಾ ಏನೂ ಸಲಹಾ ಕೊಡ್ಲಿಲ್ಲ. ಫೋನ್ ಇನ್ನಾ ಬಂದಿಲ್ಲ. ತೊಗರಿ ರಾಶಿ ಸುರು ಆಗ್ಯಾದ, ಅಕಿ ತಾಂಡಾಕ ಹೋಗ್ಯಾಳ.